ಫೋಟೋ ಕೆಳಗೆ ಹೊತ್ತನ್ನೂ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಮಂಡ್ಯದಲ್ಲಿ ಸ್ಟುಡಿಯೋ ಇಟ್ಟುಕೊಂಡವನು. ಮದುವೆ, ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜ್ ಫೋಟೋ, ಇಷ್ಟೇ ನನ್ನ ಪ್ರಪಂಚ. ಪತ್ರಿಕೆಗೆ ಬರೆಯುವ ಅಭ್ಯಾಸ ಇಲ್ಲ. ಆದರೆ ಎರಡು ಭಾನುವಾರದ ಹಿಂದೆ ನಿಮ್ಮ ಪುರವಣಿಯಲ್ಲಿ ಅರ್ಧ ಪುಟಕ್ಕೆ ಬಂದ ತಲಕಾಡಿನ ಫೋಟೋ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

ಫೋಟೋ ಕೆಳಗೆ ‘ಸುವರ್ಣ ಸಂಜೆ’ ಅಂತ ಹಾಕಿದ್ದಿರಿ. ಮರಳು ಕೇಸರಿಬಾತಿನ ಬಣ್ಣ. ಆಕಾಶದಲ್ಲಿ ನೇರಳೆ, ಗುಲಾಬಿ, ಅರಿಶಿನ ಎಲ್ಲವೂ ಇದೆ. ನಡುವೆ ಒಬ್ಬ ಹುಡುಗಿ ಎರಡೂ ಕೈ ಮೇಲಕ್ಕೆ ಚಾಚಿ ನಿಂತಿದ್ದಾಳೆ. ಸಾರ್, ಅವಳ ನೆರಳು ನೋಡಿ. ಕಾಲ ಬುಡದಲ್ಲೇ ಇದೆ, ಒಂದು ಊಟದ ತಟ್ಟೆಯಷ್ಟು. ಅಂದರೆ ಸೂರ್ಯ ನೆತ್ತಿ ಮೇಲಿದ್ದಾನೆ. ನಡು ಮಧ್ಯಾಹ್ನ ತೆಗೆದ ಫೋಟೋಗೆ ಯಾರೋ ಸಂಜೆಯ ಆಕಾಶ ಅಂಟಿಸಿದ್ದಾರೆ. ಫೋನಿನಲ್ಲಿ ಒಂದು ಬೆರಳು ಒತ್ತಿದರೆ ಆಗುವ ಕೆಲಸ ಅದು. ನಮ್ಮ ಕಡೆ ಕೆಲವು ಆಲೆಮನೆಗಳಲ್ಲಿ ಬೆಲ್ಲಕ್ಕೆ ಕೆಮಿಕಲ್ ಹಾಕಿ ಹಳದಿ ಬರಿಸುತ್ತಾರಲ್ಲ, ಹಾಗೆ. ನೋಡೋಕೆ ಚೆನ್ನಾಗಿರುತ್ತದೆ, ಬೇಗ ಮಾರಾಟವೂ ಆಗುತ್ತದೆ. ಅದು ಕಬ್ಬಿನ ಹಾಲಿನ ಬಣ್ಣ ಅಲ್ಲ ಅಂತ ಕೊಪ್ಪರಿಗೆ ಮುಂದೆ ನಿಂತವನಿಗೆ ಮಾತ್ರ ಗೊತ್ತು.

ನನ್ನ ಕೋರಿಕೆ ಸಣ್ಣದು. ಇನ್ನು ಮುಂದೆ ಇಂಥ ಫೋಟೋ ಹಾಕುವಾಗ ಊರಿನ ಹೆಸರಿನ ಜೊತೆ ಯಾವ ತಿಂಗಳು, ಎಷ್ಟು ಗಂಟೆ ಅಂತಲೂ ಹಾಕಿ. ಕ್ಯಾಮೆರಾ, ಫೋನು ಎಲ್ಲವೂ ಅದನ್ನು ಫೋಟೋ ಜೊತೆಗೇ ಬರೆದಿಟ್ಟುಕೊಂಡಿರುತ್ತವೆ, ಕೇಳಿದರೆ ಕಳಿಸಿದವರು ಹೇಳುತ್ತಾರೆ. ಯಾಕೆ ಇದಕ್ಕೆ ಇಷ್ಟು ಹಟ ಅಂತ ಕೇಳಬಹುದು. ಮರಳಿನ ಫೋಟೋದಲ್ಲಿ ಹೊತ್ತು ಬಿಟ್ಟರೆ ಬೇರೇನೂ ಇಲ್ಲ, ಅದಕ್ಕೆ.

ಇದು ನನಗೆ ಅರ್ಥ ಆಗಿದ್ದು ರಾಜಸ್ಥಾನದಲ್ಲಿ, ಅದೂ ಪೆಟ್ಟು ತಿಂದ ಮೇಲೆ. ನಮ್ಮ ಕಸುಬಿನಲ್ಲಿ ಧನುರ್ಮಾಸ ಅಂದರೆ ರಜೆ. ಮದುವೆ ಇರಲ್ಲ, ಚೌಲ್ಟ್ರಿಗಳು ಬಾಗಿಲು ಹಾಕಿರುತ್ತವೆ. ಒಂದು ವರ್ಷ ಮನೆಯವರನ್ನು ಕರೆದುಕೊಂಡು ಪ್ಯಾಕೇಜ್ ಟೂರಿನಲ್ಲಿ ಜೈಸಲ್ಮೇರ್‌ಗೆ ಹೋದೆ. ಊರಿನಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕೆ ಸಮ್ ಅಂತ ಇದೆ, ಮರಳು ದಿಬ್ಬಗಳಿಗೆ ಹೆಸರಾದ ಜಾಗ. ಟೂರಿನವರು ನಮ್ಮನ್ನು ಅಲ್ಲಿ ಇಳಿಸಿದ್ದು ಮಧ್ಯಾಹ್ನ ಎರಡೂವರೆಗೆ. ದಿಬ್ಬ ಹತ್ತಿದೆ, ನೋಡಿದೆ, ಏನೂ ಕಾಣಲಿಲ್ಲ. ಅಂದರೆ ಮರಳು ಕಾಣುತ್ತಿದೆ, ಆಕಾರ ಕಾಣುತ್ತಿಲ್ಲ. ಯಾವುದು ಏರು, ಯಾವುದು ಇಳಿಜಾರು, ಯಾವುದು ಹತ್ತಿರ, ಯಾವುದು ದೂರ, ಎಲ್ಲಾ ಒಂದೇ ಬಿಳಿಚಿಕೊಂಡ ಬಟ್ಟೆ ಹಾಸಿದ ಹಾಗೆ. ಸಂಜೆವರೆಗೆ ಕಾಯೋಣ ಅಂದುಕೊಂಡೆ. ಸರಿಯಾಗಿ ಬೆಳಕು ಬರುವ ಹೊತ್ತಿಗೆ ಹಣೆಗೆ ತಿಲಕ ಇಡ್ತೀವಿ, ಚಹಾ ಕೊಡ್ತೀವಿ, ಆಮೇಲೆ ಡಾನ್ಸ್ ಇದೆ ಅಂತ ಎಲ್ಲರನ್ನೂ ಟೆಂಟಿಗೆ ಎಳೆದುಕೊಂಡು ಹೋದರು. ಸೂರ್ಯ ಮುಳುಗುವ ಹೊತ್ತಿಗೆ ನನ್ನ ಕೈಯಲ್ಲಿ ಪಕೋಡ ಇತ್ತು.

ಅಷ್ಟರಲ್ಲಿ ಇನ್ನೊಂದು ದಡ್ಡತನವನ್ನೂ ಮಾಡಿಕೊಂಡಿದ್ದೆ. ದಿಬ್ಬದ ತುದಿಯಲ್ಲಿ, ಗಾಳಿಗೆ ಎದುರಾಗಿ ನಿಂತು ಲೆನ್ಸ್ ಬದಲಾಯಿಸಿದ್ದೆ. ಇಪ್ಪತ್ತು ವರ್ಷ ಚೌಲ್ಟ್ರಿಯೊಳಗೆ ಲೆನ್ಸ್ ಬದಲಾಯಿಸಿದ ಕೈ, ಯೋಚನೆಯನ್ನೇ ಮಾಡಲಿಲ್ಲ. ರಾತ್ರಿ ಜೂಮ್ ತಿರುಗಿಸಿದರೆ ರಾಗಿ ಕಲ್ಲು ಬೀಸಿದ ಹಾಗೆ ಕರಕರ ಅಂದಿತು. ಆ ಮರಳು ನಮ್ಮ ಹೊಳೆ ಮರಳಿನ ಥರ ದಪ್ಪ ಅಲ್ಲ, ಹಿಟ್ಟಿನ ಹಾಗೆ ನುಣ್ಣಗಿದೆ, ಎಲ್ಲಿ ಸಂದಿ ಇದೆಯೋ ಅಲ್ಲಿ ನುಗ್ಗುತ್ತದೆ. ಹೋಗುವವರು ಒಂದೇ ಲೆನ್ಸ್ ಹಾಕಿಕೊಂಡು ಹೋಗಿ, ಮೇಲೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ. ಗಾಜಿನ ಮೇಲೆ ಮರಳು ಕೂತರೆ ಊದುವ ರಬ್ಬರ್ ಬುರುಡೆಯಿಂದ ಊದಿ, ಕರ್ಚೀಫಿನಿಂದ ಮಾತ್ರ ಒರೆಸಬೇಡಿ, ಗೀರು ಬೀಳುತ್ತದೆ.

ಮಾರನೆ ದಿನ ಬಸ್ ಹೊರಡುವುದು ಒಂಬತ್ತಕ್ಕೆ. ಸ್ಥಳೀಯ ಜೀಪಿನವನೊಬ್ಬನನ್ನು ಮಾತಾಡಿಸಿ ಬೆಳಗಿನ ಜಾವ ಐದೂವರೆಗೇ ಹೊರಟೆ. ಮನೆಯವರು ಕಂಬಳಿಯೊಳಗಿಂದಲೇ ‘ನಿಮಗೆ ಹುಚ್ಚು’ ಅಂದರು. ಚಳಿ ಅಂದರೆ ಚಳಿ, ಮರುಭೂಮಿ ಅಂದರೆ ಬರೀ ಸೆಕೆ ಅಂದುಕೊಂಡು ಒಂದು ಸ್ವೆಟರಿನಲ್ಲಿ ಹೋಗಿದ್ದೆ. ಹೊತ್ತನ್ನೂ ತಪ್ಪು ಲೆಕ್ಕ ಹಾಕಿದ್ದೆ. ಗಡಿಯಾರ ದೇಶಕ್ಕೆಲ್ಲ ಒಂದೇ, ಆದರೆ ಜೈಸಲ್ಮೇರ್ ಪಶ್ಚಿಮದ ತುದಿಯಲ್ಲಿದೆ, ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳೂವರೆ ಹತ್ತಿರ, ನಮಗಿಂತ ಸುಮಾರು ಮುಕ್ಕಾಲು ಗಂಟೆ ತಡ. ಕತ್ತಲಲ್ಲಿ ನಡುಗುತ್ತಾ ಕೂತೆ.

ಆಮೇಲೆ ನಡೆದದ್ದನ್ನು ಹೇಳಲೇಬೇಕು. ಮೊದಲು ಎಲ್ಲಾ ನೀಲಿ ಬೂದಿ ಬಣ್ಣ. ಬೆಳಕು ಬಂದು ಮೊದಲು ಮುಟ್ಟಿದ್ದು ದಿಬ್ಬದ ನೆತ್ತಿಯನ್ನು. ಒಂದು ಗೆರೆ, ಹಾವು ಮಲಗಿದ ಹಾಗೆ, ಬರೀ ಆ ಗೆರೆ ಮಾತ್ರ ಹೊತ್ತಿಕೊಂಡಿತು. ಗೆರೆಯ ಈ ಕಡೆ ಬೆಳಕು, ಆ ಕಡೆ ನೆರಳು, ನಡುವೆ ಚಾಕುವಿನಲ್ಲಿ ಕುಯ್ದ ಹಾಗೆ. ಇದಕ್ಕೆ ಲೆಕ್ಕವೂ ಇದೆ. ಒಣ ಮರಳನ್ನು ಎಷ್ಟೇ ಸುರಿದರೂ ಅದು 34 ಡಿಗ್ರಿಗಿಂತ ಕಡಿದಾಗಿ ನಿಲ್ಲುವುದಿಲ್ಲ, ಜಾರಿಬಿಡುತ್ತದೆ. ಗಾಳಿ ದಿಬ್ಬದ ಒಂದು ಮಗ್ಗುಲಿನಿಂದ ಮರಳನ್ನು ನಿಧಾನಕ್ಕೆ ಏರಿಸುತ್ತದೆ, ಇನ್ನೊಂದು ಮಗ್ಗುಲಿಗೆ ಅದು ಸುರಿದು ಆ ಕೋನದಲ್ಲಿ ನಿಲ್ಲುತ್ತದೆ. ಸೂರ್ಯ ಆ ಇಳಿಜಾರಿಗಿಂತ ಕೆಳಗಿದ್ದು ದಿಬ್ಬದ ಹಿಂದಿದ್ದರೆ ಆ ಮಗ್ಗುಲು ಪೂರ್ತಿ ನೆರಳು. ಸೂರ್ಯ ಮೇಲೆ ಬಂದ ಅಂದರೆ ಎರಡೂ ಮಗ್ಗುಲಿಗೆ ಬಿಸಿಲು, ಗೆರೆ ಮಾಯ. ನನಗೆ ಹಿಂದಿನ ದಿನ ಮಧ್ಯಾಹ್ನ ಏನೂ ಕಾಣದೆ ಇದ್ದದ್ದು ಅದಕ್ಕೇ.

ಮರಳಿನ ಮೇಲಿನ ಅಲೆಗಳದ್ದೂ ಇದೇ ಕಥೆ. ಒಂದು ಅಲೆ ಎಷ್ಟು ಎತ್ತರ, ಬೆರಳಿನ ದಪ್ಪವೂ ಇರಲ್ಲ. ಆದರೆ ಸೂರ್ಯ ದಿಗಂತದಿಂದ 5 ಡಿಗ್ರಿ ಮೇಲಿದ್ದಾಗ ಯಾವುದೇ ವಸ್ತುವಿನ ನೆರಳು ಅದರ ಎತ್ತರದ 11 ಪಟ್ಟು ಬೀಳುತ್ತದೆ. 10 ಡಿಗ್ರಿಗೆ ಬಂದಾಗ ಐದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. 60 ಡಿಗ್ರಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಬೆರಳಿನಷ್ಟು ಅಲೆ ಬೆಳಗಿನಲ್ಲಿ ಉತ್ತ ಹೊಲದ ಸಾಲಿನ ಹಾಗೆ ಕಾಣುವುದು ಈ ನೆರಳಿನ ಪುಣ್ಯ.

ಜೀಪಿನವನು ಒಳ್ಳೆಯ ಹುಡುಗ. ನಾನು ಹುಟ್ಟುವ ಸೂರ್ಯನನ್ನೇ ಗುರಿ ಇಟ್ಟು ಹೊಡೆಯುತ್ತಿದ್ದೆ, ಬಂದವರೆಲ್ಲ ಮಾಡುವುದು ಅದನ್ನೇ ಅಲ್ವಾ. ಅವನು ಬೀಡಿ ಹಚ್ಚಿಕೊಂಡು, ಸೂರ್ಯ ನಿಮ್ಮೂರಲ್ಲೂ ಇದ್ದಾನಲ್ಲ, ಮರಳು ನೋಡೋಕೆ ಬಂದವರು ಮರಳಿನ ಕಡೆ ತಿರುಗಿ ಅಂದ. ನನಗೆ ಬರುವ ಹಿಂದಿ ಅಷ್ಟಕ್ಕಷ್ಟೇ, ಆದರೆ ಇದು ನೆಟ್ಟಗೆ ಅರ್ಥವಾಯಿತು. ತಿರುಗಿದೆ. ಸೂರ್ಯನನ್ನು ಬಲಭುಜದ ಪಕ್ಕಕ್ಕೆ ಇಟ್ಟುಕೊಂಡೆ. ಬಿಸಿಲು ಬಿದ್ದ ಕಡೆ ಮರಳು ಹೊಸ ಬೆಲ್ಲದ ಅಚ್ಚಿನ ಬಣ್ಣ, ನೆರಳಿನ ಕಡೆ ತಿಳಿ ನೀಲಿ. ನೆರಳು ಯಾಕೆ ನೀಲಿ ಅಂದರೆ ಅಲ್ಲಿಗೆ ಸೂರ್ಯನ ಬೆಳಕು ಹೋಗಲ್ಲ, ಆಕಾಶದ ಬೆಳಕು ಮಾತ್ರ ಹೋಗುತ್ತದೆ. ಇತ್ತ ಕೆಳಗಿರುವ ಸೂರ್ಯನ ಬೆಳಕು ಜಾಸ್ತಿ ಗಾಳಿ ದಾಟಿ ಬರಬೇಕು, ದಾರಿಯಲ್ಲೇ ನೀಲಿ ಚದುರಿ ಹೋಗಿ ಕೆಂಪು ಹಳದಿ ಉಳಿಯುತ್ತದೆ. ಒಂದೇ ಮರಳಿಗೆ ಎರಡು ಬಣ್ಣ, ಯಾವ ಆಪ್ ಬೇಕು ಹೇಳಿ.

ಅದು ಎಷ್ಟು ಹೊತ್ತು ಇತ್ತು ಅಂದರೆ, ಅರ್ಧ ಗಂಟೆ. ಅದಕ್ಕಿಂತ ಜಾಸ್ತಿ ಇಲ್ಲ. ಸೂರ್ಯ ಕೆಳಗಿರುವ ಈ ಹೊತ್ತಿಗೆ ಗೋಲ್ಡನ್ ಅವರ್, ಅಂದರೆ ಬಂಗಾರದ ಗಂಟೆ, ಅಂತ ಫೋಟೋದವರೆಲ್ಲ ಹೇಳುತ್ತೇವೆ, ಆದರೆ ಅದು ತಂಪು ದೇಶದವರು ಇಟ್ಟ ಹೆಸರಿರಬೇಕು ಅಂತ ನನ್ನ ಗುಮಾನಿ. ನಮ್ಮ ಕಡೆ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ, ಅವರ ಕಡೆ ಓರೆಯಾಗಿ ಏರುತ್ತಾನೆ. ಮಾರ್ಚ್ ತಿಂಗಳಲ್ಲಿ ಮಂಡ್ಯದಲ್ಲಿ ಸೂರ್ಯ ಹುಟ್ಟಿ 6 ಡಿಗ್ರಿ ಮೇಲೆ ಬರೋಕೆ 25 ನಿಮಿಷ ಸಾಕು, ಅಲ್ಲಿಗೆ ಆ ಬೆಳಕು ಮುಗಿದ ಹಾಗೆ. ಲಂಡನ್ನಿನಲ್ಲಿ 40 ನಿಮಿಷದ ಹತ್ತಿರ, ಚಳಿಗಾಲದಲ್ಲಂತೂ ಇನ್ನೂ ಜಾಸ್ತಿ. ಹಾಗಾಗಿ ಇನ್ನೂ ಒಂದು ಗಂಟೆ ಇದೆಯಲ್ಲ ಅಂತ ಕಾಫಿ ಕುಡಿಯೋಕೆ ಕೂತರೆ ನಮ್ಮಲ್ಲಿ ಮುಗಿಯಿತು. ಮದುವೆ ಫೋಟೋ ತೆಗೆಯುವವನಿಗೆ ಇದು ಬೇಗ ಅರ್ಥ ಆಗುತ್ತದೆ. ಧಾರೆ ಮುಹೂರ್ತ ತಪ್ಪಿಸಿಕೊಂಡರೆ, ಸಾರ್ ಇನ್ನೊಂದು ಸಲ ಧಾರೆ ಎರೆಸಿ ಅಂತ ಹೇಳೋಕಾಗುತ್ತಾ? ವ್ಯತ್ಯಾಸ ಇಷ್ಟೇ, ಮದುವೆ ಮನೆಯಲ್ಲಿ ಬೆಳಕು ನನ್ನ ಮಾತು ಕೇಳುತ್ತದೆ. ಹುಡುಗ ಛತ್ರಿ ಲೈಟು ಹಿಡಿದು ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಅಲ್ಲಿ ನಾನೇ ಎಡಕ್ಕೆ ಬಲಕ್ಕೆ ಓಡಬೇಕಾಯಿತು.

ಓಡುವುದರಲ್ಲೂ ಪಾಪದ ಕೆಲಸ ಮಾಡಿದೆ. ನಾನೇ ನಡೆದ ಹೆಜ್ಜೆ ಗುರುತು ಆಮೇಲೆ ನನ್ನ ಫೋಟೋದೊಳಗೇ ಬಂತು. ಪಕ್ಕದ ಬೆಳಕು ಅಲೆಯನ್ನು ಎತ್ತಿ ತೋರಿಸಿದಂತೆ ಹೆಜ್ಜೆಯನ್ನೂ ಎತ್ತಿ ತೋರಿಸುತ್ತದೆ. ಬೆಳಗ್ಗೆ ಹೋಗುವುದರ ಇನ್ನೊಂದು ಲಾಭ ಗೊತ್ತಾಗಿದ್ದು ಆಗ. ರಾತ್ರಿ ಗಾಳಿ ಬೀಸಿದರೆ ಹಿಂದಿನ ದಿನದ ಜೀಪು, ಒಂಟೆ, ಜನರ ಗುರುತನ್ನೆಲ್ಲ ಅಳಿಸಿ ಹೊಸ ಅಲೆ ಬರೆದಿರುತ್ತದೆ.

ಇನ್ನು ಕ್ಯಾಮೆರಾದ ವಿಷಯ ಒಂದೇ ಮಾತು. ಆಟೋದಲ್ಲಿ ಬಿಟ್ಟರೆ ಬಿಸಿಲಿನ ಮರಳು ಮಂಕಾಗಿ ಬರುತ್ತದೆ, ಯಾಕೆಂದರೆ ಕ್ಯಾಮೆರಾಗೆ ಲೋಕವೆಲ್ಲ ನಡು ಬೂದು ಬಣ್ಣದ್ದು ಅನ್ನುವ ನಂಬಿಕೆ. ಮದುಮಗನ ಬಿಳಿ ಪಂಚೆ ಕೊಳೆಯಾದಂತೆ ಬರುವುದಕ್ಕೂ ಇದೇ ಕಾರಣ. ಒಂದು ಸ್ಟಾಪ್ ಹೆಚ್ಚು ಕೊಡಬೇಕು, ಅಂದರೆ ಎರಡರಷ್ಟು ಬೆಳಕು. ಫೋನಿನದ್ದು ಉಲ್ಟಾ ಸಮಸ್ಯೆ. ಅದು ಬುದ್ಧಿವಂತಿಕೆ ತೋರಿಸಿ ನೆರಳನ್ನೆಲ್ಲ ತಾನೇ ಬೆಳ್ಳಗೆ ಮಾಡಿಬಿಡುತ್ತದೆ. ನೆರಳು ಹೋದರೆ ದಿಬ್ಬವೂ ಹೋಯಿತು.

ಬಣ್ಣದ ಮಾತಿಗೆ ಬರುತ್ತೇನೆ. ನೀವು ಹಾಕುವ ಮರುಭೂಮಿಗಳೆಲ್ಲ ಒಂದೇ ಕಿತ್ತಳೆ ಬಣ್ಣ ಯಾಕೆ? ಆಫ್ರಿಕಾದ ನಮೀಬಿಯಾದಲ್ಲಿ ಸೊಸುಸ್‌ಫ್ಲೇ ಕಡೆಯ ದಿಬ್ಬಗಳು ನಿಜವಾಗಿಯೂ ಕೆಂಪು, ಮರಳಿನ ಕಣಗಳ ಮೇಲೆ ಕಬ್ಬಿಣದ ಆಕ್ಸೈಡ್ ಇದೆ, ಸರಳವಾಗಿ ಹೇಳಿದರೆ ತುಕ್ಕು. ಅಲ್ಲೇ ಡೆಡ್‌ಫ್ಲೇ ಅಂತ ಒಣಗಿದ ಜೇಡಿಮಣ್ಣಿನ ಬಯಲಿದೆ, ನೂರಾರು ವರ್ಷದ ಹಿಂದೆ ಸತ್ತ ಮರಗಳು ಒಣ ಹವೆಗೆ ಕೊಳೆಯದೆ ಹಾಗೇ ನಿಂತಿವೆ. ಬೆಳಿಗ್ಗೆ ಹಿಂದಿನ ದಿಬ್ಬಕ್ಕೆ ಬಿಸಿಲು ಬಿದ್ದು, ಬಯಲು ಇನ್ನೂ ನೆರಳಲ್ಲಿ ಇರುವಾಗ ತೆಗೆದರೆ ಅದು ಪೇಂಟಿಂಗ್ ಅಂತ ಜನ ಜಗಳಕ್ಕೆ ಬರುತ್ತಾರೆ. ಅದು ಆ ಊರಿನ ಬಣ್ಣ. ಥಾರ್ ಮರಳು ಹಳದಿ. ಲಡಾಖಿನ ಹುಂಡರ್‌ನಲ್ಲಿ ಎರಡು ಡುಬ್ಬದ ಒಂಟೆ ಓಡಾಡುವ ಮರಳು ಬೂದಿ ಬಣ್ಣ. ಕಛ್‌ನ ಬಿಳಿ ರಣದಲ್ಲಿ ಬಿಳಿ ಇರುವುದು ಮರಳೇ ಅಲ್ಲ, ಉಪ್ಪು. ಮಳೆಗಾಲದಲ್ಲಿ ನೀರು ತುಂಬಿ, ಒಣಗಿದ ಮೇಲೆ ಉಳಿದದ್ದು. ನಮ್ಮ ತಲಕಾಡಿನದು ಕಾವೇರಿಯ ಮರಳು, ಹೊಳೆಯ ಪಾತ್ರದಿಂದ ಗಾಳಿ ಎತ್ತಿ ತಂದು ಹಾಕಿದ್ದು, ಮಾಸಲು ಕಂದು. ಎಲ್ಲವನ್ನೂ ಕೇಸರಿ ಮಾಡಿದರೆ ಯಾವ ಊರಿಗೆ ಹೋದರೇನು?

ಹಾಗಂತ ತಿದ್ದುವುದೇ ತಪ್ಪು ಅಂತ ನಾನು ಹೇಳಲ್ಲ. ಮದುಮಗಳ ಮುಖದ ಮೊಡವೆ ತೆಗೆದು ಹೊಟ್ಟೆ ಹೊರೆಯುವವನು ನಾನು. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಕೂಡ ಡಾರ್ಕ್‌ರೂಮಿನಲ್ಲಿ ಆಕಾಶವನ್ನು ಇನ್ನೂ ಕಪ್ಪು ಮಾಡುತ್ತಿದ್ದರು. ಆದರೆ ಬೆಳಕು ಇರುವಾಗ ಅವರು ಅಲ್ಲಿ ಇದ್ದರು. ನ್ಯೂ ಮೆಕ್ಸಿಕೋದ ಬಯಲು ಸೀಮೆಯಲ್ಲಿ ಕಾರಿನಲ್ಲಿ ಬರುತ್ತಿದ್ದಾಗ ಒಂದು ಹಳ್ಳಿ ಕಂಡಿತು. ಒಂದು ಕಡೆ ಚಂದ್ರ ಮೇಲೆ ಬಂದಿದ್ದಾನೆ, ಇನ್ನೊಂದು ಕಡೆ ಮುಳುಗುವ ಸೂರ್ಯನ ಬೆಳಕು ಸ್ಮಶಾನದ ಶಿಲುಬೆಗಳ ಮೇಲೆ. ಗಾಡಿ ನಿಲ್ಲಿಸಿ ಇಳಿದರೆ ಬೆಳಕು ಅಳೆಯುವ ಮೀಟರ್ ಸಿಗಲಿಲ್ಲ. ಚಂದ್ರನ ಹೊಳಪು ಎಷ್ಟು ಅಂತ ಬಾಯಿಪಾಠ ಇತ್ತು, ಅದರ ಮೇಲೆ ಲೆಕ್ಕ ಹಾಕಿ ಒಂದು ಹೊಡೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆ ಮೇಲಿನ ಬೆಳಕು ಹೋಗಿಯೇಬಿಟ್ಟಿತು. ತಮಾಷೆ ಏನು ಅಂದರೆ ಅವರು ತಾರೀಖು ಬರೆದಿಟ್ಟುಕೊಳ್ಳಲಿಲ್ಲ. ಆ ಫೋಟೋಗೆ ಒಂದೊಂದು ಕಡೆ ಒಂದೊಂದು ವರ್ಷ ಹೇಳುತ್ತಿದ್ದರು. ಕೊನೆಗೆ ಖಗೋಳ ತಿಳಿದವರು ಚಂದ್ರ ಇದ್ದ ಜಾಗ ನೋಡಿ ಲೆಕ್ಕ ಹಾಕಿ 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ ಅಂತ ಹೇಳಬೇಕಾಯಿತು. ನಿಮ್ಮ ಪುರವಣಿಯ ಫೋಟೋಗೆ ಅಷ್ಟು ಕಷ್ಟ ಯಾರೂ ಪಡಲ್ಲ, ನೀವೇ ಹಾಕಿಬಿಡಿ.

ತಲಕಾಡಿನ ಬಗ್ಗೆ ಬರೆದಾಗಲೆಲ್ಲ ನೀವು ಅಲಮೇಲಮ್ಮನ ಶಾಪದಿಂದಲೇ ಶುರು ಮಾಡುತ್ತೀರಿ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಅಂತ. ಕೇಳಿ ಕೇಳಿ ನಮಗೆ ಬಾಯಿಪಾಠ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇವಸ್ಥಾನ, ಮರಳಿನಡಿಯ ಪಾತಾಳೇಶ್ವರ, ಮರಳೇಶ್ವರ, ಇದೆಲ್ಲ ಬರುತ್ತದೆ. ಆಮೇಲೆ ‘ಹೋಗುವುದು ಹೇಗೆ’ ಅಂತ ಒಂದು ಡಬ್ಬಿ. ಯಾವಾಗ ಹೋಗಬೇಕು ಅಂತ ಮಾತ್ರ ಇರಲ್ಲ. ಜನ ಬುತ್ತಿ ಕಟ್ಟಿಕೊಂಡು ಹನ್ನೊಂದಕ್ಕೆ ಬರುತ್ತಾರೆ, ಕಾದ ಮರಳಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ದೇವಸ್ಥಾನ ಸುತ್ತುತ್ತಾರೆ, ಹೊಳೆಗೆ ಇಳಿಯುತ್ತಾರೆ, ಬೆಳಕು ಬರುವ ಹೊತ್ತಿಗೆ ವಾಪಸ್ ಹೊರಟಿರುತ್ತಾರೆ.

ನಮ್ಮ ಇನ್ನೊಂದು ರಜೆ ಆಷಾಢ. ಹೋದ ವರ್ಷ ಆಷಾಢದಲ್ಲಿ ಸ್ಟುಡಿಯೋ ಹುಡುಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಳವಳ್ಳಿ ಮೇಲೆ ತಲಕಾಡಿಗೆ ಹೋದೆ. ಮಧ್ಯಾಹ್ನವೆಲ್ಲ ಮೋಡ. ಐದು ಗಂಟೆಗೆ ಒಂದು ಮಳೆ ಸುರಿಯಿತು. ಮರಳೆಲ್ಲ ಸಿಡುಬು ಬಿದ್ದ ಮುಖದ ಹಾಗೆ ತೂತು ತೂತು. ಹುಡುಗ, ‘ಅಣ್ಣೋ, ಇನ್ನೇನ್ ಬರಕಿಲ್ಲ ನಡಿ, ಮನೆಗ್ ಹೋಗವ’ ಅಂದ. ನಾನೂ ಎದ್ದಿದ್ದೆ. ಅಷ್ಟರಲ್ಲಿ ಪಶ್ಚಿಮದಲ್ಲಿ ಮೋಡ ಒಂದು ಸೀಳು ಬಿಟ್ಟಿತು. ಮಳೆ ಮೋಡ ದಾಟಿಕೊಂಡು ಕೊಳ್ಳೇಗಾಲದ ಕಡೆ ಕಪ್ಪಗೆ ನಿಂತಿದೆ, ಈ ಕಡೆಯಿಂದ ಬೆಳಕು ಮರಳಿನ ಮೇಲೆ ಅಡ್ಡಡ್ಡ ಬಿತ್ತು. ಹಿಂದೆ ಇದ್ದಲು ಬಣ್ಣದ ಆಕಾಶ, ಮುಂದೆ ಉರಿಯುವ ಮರಳು. ಒದ್ದೆ ಮರಳು ಒಣ ಮರಳಿಗಿಂತ ಕಪ್ಪು, ಆದರೆ ಮೇಲ್ಪದರ ಅಲ್ಲಲ್ಲಿ ಒಣಗಿ ಪಟ್ಟೆ ಪಟ್ಟೆಯಾಗಿತ್ತು. ಮರಳು ಓಡದಿರಲಿ ಅಂತ ನೆಟ್ಟ ಮರಗಳ ನೆರಳು ಇಷ್ಟುದ್ದ ಚಾಚಿಕೊಂಡಿತ್ತು. ಯಾವಾಗಲೂ ಈ ಮರಗಳು ಅಡ್ಡ ಬರುತ್ತವೆ ಅಂತ ಬೈದುಕೊಳ್ಳುತ್ತಿದ್ದವನು ನಾನು, ಆವತ್ತು ಅವೇ ಫೋಟೋ ಆದವು. ಮೂರು ಹೊಡೆದೆ, ನಾಲ್ಕನೆಯದಕ್ಕೆ ಸೀಳು ಮುಚ್ಚಿಕೊಂಡಿತು. ಹುಡುಗ ಬಾಯಿ ಬಿಟ್ಟುಕೊಂಡು ನಿಂತಿದ್ದ, ಕೈಯಲ್ಲಿದ್ದ ಫೋನ್ ಎತ್ತುವುದನ್ನೂ ಮರೆತಿದ್ದ.

ಆ ಮೂರರಲ್ಲಿ ಒಂದನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಬಣ್ಣ ಹೆಚ್ಚಿಸಿಲ್ಲ, ಹಾಗಾಗಿ ನಿಮ್ಮ ಪುಟದಲ್ಲಿ ಸ್ವಲ್ಪ ಸಪ್ಪೆ ಕಾಣಬಹುದು. ಹಾಕಲೇಬೇಕು ಅಂತ ಹಟ ಇಲ್ಲ. ಹಾಕಿದರೆ ಹಿಂದೆ ಪೆನ್ಸಿಲಿನಲ್ಲಿ ಬರೆದಿರುವುದನ್ನೂ ಹಾಕಿ: ತಲಕಾಡು, ಜುಲೈ, ಸಂಜೆ 6.20, ಮಳೆ ನಿಂತ ಮೇಲೆ.

ಇಂತಿ,
ನಿಮ್ಮ ಓದುಗ, ಮಂಡ್ಯದ ಸ್ಟುಡಿಯೋದವನು